ಟೋಪಿಯಿಲ್ಲದೆ ಬಂದ ಸಿಲಿಂಡರುಗಳು

ಫೆಬ್ರವರಿ ೩

ಪ್ಯಾಕಿಂಗ್ ಮೇಲ್ವಿಚಾರಕಿಯವರಿಗೆ,
ಆಮ್ಲಜನಕ ತುಂಬುವ ಘಟಕ

ಮಾನ್ಯರೆ,

ವಿಷಯ: ಆಸ್ಪತ್ರೆಯ ಖಾಲಿ ಸಿಲಿಂಡರುಗಳನ್ನು ತುಂಬಿಸಿ ಕಳಿಸಿಕೊಡುವ ಬಗ್ಗೆ.

ನಮ್ಮ ದ್ವೀಪದ ಆಸ್ಪತ್ರೆಗೆ ಇಷ್ಟು ವರ್ಷ ಆಮ್ಲಜನಕ ಕಳಿಸುತ್ತಿದ್ದವರು ಅಂಗಡಿ ಮುಚ್ಚಿಕೊಂಡು ಹೋದರು. ಹಾಗಾಗಿ ಈ ಸಲದ ಲಾಂಚಿನಲ್ಲಿ ನಮ್ಮ ಹನ್ನೆರಡು ಖಾಲಿ ಸಿಲಿಂಡರುಗಳನ್ನು ತಮ್ಮ ಘಟಕಕ್ಕೆ ಕಳಿಸಿದ್ದೇವೆ. ಏಪ್ರಿಲ್ ಕೊನೆಗೆ ಇಲ್ಲಿ ಗಾಳಿಗಾಲ ಶುರುವಾಗುತ್ತದೆ. ಆಮೇಲೆ ಮೂರು ತಿಂಗಳು ಲಾಂಚು ಇಲ್ಲ, ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ಇಲ್ಲಿ ಉಳಿದಿರುವ ಕೆಲವು ತುಂಬಿದ ಸಿಲಿಂಡರುಗಳು ಅಲ್ಲಿಯವರೆಗಷ್ಟೇ ಸಾಕಾಗುತ್ತವೆ. ಅಷ್ಟರೊಳಗೆ ತುಂಬಿದ ಸಿಲಿಂಡರುಗಳು ನಮ್ಮ ಉಗ್ರಾಣ ಸೇರಲೇಬೇಕು. ಹಿಂದೆ ದೀಪಸ್ತಂಭ ನೋಡಿಕೊಳ್ಳುತ್ತಿದ್ದ ವೃದ್ಧರೊಬ್ಬರು ದಿನವೂ ಸಂಜೆ ಇದರ ಆಸರೆಯಲ್ಲೇ ಉಸಿರಾಡುತ್ತಾರೆ. ಸಿಲಿಂಡರು ಬರದಿದ್ದರೆ ಅವರನ್ನು ಕೊನೆಯ ಲಾಂಚಿನಲ್ಲಿ ಆಚೆ ದಡಕ್ಕೆ ಸಾಗಿಸಬೇಕಾಗುತ್ತದೆ. ಅವರೋ, ಜಪ್ಪಯ್ಯ ಅಂದರೂ ದ್ವೀಪ ಬಿಡುವುದಿಲ್ಲ ಎನ್ನುತ್ತಿದ್ದಾರೆ.

ದಯವಿಟ್ಟು ತುರ್ತಾಗಿ ಗಮನಿಸಬೇಕಾಗಿ ಕೋರಿಕೆ.

ತಮ್ಮ ನಂಬುಗೆಯ,
ಸ್ಟೋರ್ ಕೀಪರ್, ದ್ವೀಪದ ಆಸ್ಪತ್ರೆ

ತಾ.ಕ.: ಅಮ್ಮ, ನಾನೇ. ಮೇಲಿನದನ್ನೆಲ್ಲ ಡಾಕ್ಟರಮ್ಮ ಹೇಳಿ ಬರೆಸಿದರು. ನಿನಗೆ ಇನ್ನೂ ಕೋಪ ಇದೆಯಾ?


ಫೆಬ್ರವರಿ ೧೨

ಸ್ಟೋರ್ ಕೀಪರ್ ಅವರಿಗೆ,
ದ್ವೀಪದ ಆಸ್ಪತ್ರೆ

ಮಾನ್ಯರೆ,

ನಿಮ್ಮ ಹನ್ನೆರಡು ಸಿಲಿಂಡರುಗಳು ತಲುಪಿವೆ. ಅವು ಬಂದ ಅವತಾರ ನೋಡಲು ನಮ್ಮ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಮೂರಕ್ಕೆ ಮಾತ್ರ ಟೋಪಿ ಇದೆ. ಉಳಿದ ಒಂಬತ್ತು ಬೋಳುತಲೆಯಲ್ಲಿ, ಕತ್ತಿಗೆ ಹಳೆ ಬಟ್ಟೆ ಸುತ್ತಿಕೊಂಡು, ಹಲ್ಲುನೋವು ಬಂದವರ ಹಾಗೆ ಮುಖ ಮಾಡಿಕೊಂಡು ಬಂದಿವೆ.

ಟೋಪಿ ಎಂದರೆ ಸಿಲಿಂಡರಿನ ನೆತ್ತಿಯಲ್ಲಿರುವ ಹಿತ್ತಾಳೆ ವಾಲ್ವಿಗೆ ಏಟು ಬೀಳದಂತೆ ಅದರ ಮೇಲೆ ತಿರುಗಿಸಿ ಕೂರಿಸುವ ಕಬ್ಬಿಣದ ಮುಚ್ಚಳ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ಅಂಬೆಗಾಲಿಡುವ ವಯಸ್ಸಿನಿಂದ ಒಂದು ಸಿಲಿಂಡರ್ ಶೆಡ್ಡಿನಲ್ಲೇ ಬೆಳೆದವರು ಎಂದು ಕೇಳಿದ್ದೇನೆ. ಆ ಶೆಡ್ಡಿನ ಮೇಲ್ವಿಚಾರಕಿಯನ್ನು ಜನ ಬೆನ್ನ ಹಿಂದೆ ಟೋಪಿಯಮ್ಮ ಎಂದು ಕರೆಯುತ್ತಾರೆಂದೂ, ಊರಿನಲ್ಲಿ ಟೋಪಿ ಹಾಕಿಯೇ ಮರ್ಯಾದೆಯಿಂದ ಬದುಕುವವಳು ಅವಳೊಬ್ಬಳೇ ಎಂದು ನಗುತ್ತಾರೆಂದೂ ಕೇಳಿದ್ದೇನೆ.

ಖಾಲಿ ಸಿಲಿಂಡರಿಗೂ ಟೋಪಿ ಬೇಕು. ತುಂಬಿದ್ದಕ್ಕಂತೂ ಬೇಕೇ ಬೇಕು. ಬೋಳು ಸಿಲಿಂಡರು ತುಂಬಿಕೊಂಡು ಗೇಟು ದಾಟುವುದು ನಾನಿರುವವರೆಗೆ ಆಗದ ಮಾತು. ನಿಮ್ಮವು ಹಳೆ ಕಾಲದವು, ಕತ್ತಿನ ತಿರುಪಿನ ಅಳತೆಯೇ ಬೇರೆ, ನಮ್ಮ ಯಾವ ಟೋಪಿಯೂ ಅವುಗಳ ಮೇಲೆ ಕೂರುವುದಿಲ್ಲ. ಲೇತಿನವನನ್ನು ಕೇಳಿದೆ. ಹೊಸದಾಗಿ ಕಡೆದು ಕೊಡಲು ಗಾಳಿಗಾಲ ಮುಗಿಯುವಷ್ಟು ಹೊತ್ತು ಬೇಕಂತೆ. ಆದ್ದರಿಂದ ನಿಮ್ಮ ಒಂಬತ್ತು ಟೋಪಿಗಳು ಎಲ್ಲಿವೆಯೋ ಹುಡುಕಿ ಕಳಿಸಿ.

ಇಂತಿ,
ಪ್ಯಾಕಿಂಗ್ ಮೇಲ್ವಿಚಾರಕಿ

ತಾ.ಕ.: ಯಾವ ಅಮ್ಮ? ಈ ಕಚೇರಿಯಲ್ಲಿ ಅಮ್ಮ ಎಂಬ ಹುದ್ದೆ ಇಲ್ಲ. ಕೋಪ ಎಂಬ ವಿಭಾಗ ಇದೆ, ಅದು ರಜೆ ಇಲ್ಲದೆ ನಡೆಯುತ್ತಿದೆ.


ಫೆಬ್ರವರಿ ೨೨

ಅಮ್ಮ,

ಹುದ್ದೆ ಇಲ್ಲದಿದ್ದರೂ ಕರೆಯುತ್ತೇನೆ, ಏನು ಮಾಡುತ್ತೀಯೋ ಮಾಡು.

ಟೋಪಿಗಳು ಸಿಕ್ಕಿವೆ. ಸಿಕ್ಕಿವೆ ಎಂದರೆ, ಎಲ್ಲಿವೆ ಎಂದು ಗೊತ್ತಾಗಿದೆ. ಅವನ್ನು ವಾಪಸ್ ತರುವುದು ನನ್ನಿಂದ ಆಗುವ ಕೆಲಸದ ಹಾಗೆ ಕಾಣುತ್ತಿಲ್ಲ.

ಈ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಉಸಿರು ಕಟ್ಟಿಕೊಂಡು ಬಂದು, ಆಮ್ಲಜನಕ ತೆಗೆದುಕೊಂಡು, ಗುಣವಾಗಿ ತಮ್ಮ ಕಾಲ ಮೇಲೆ ನಡೆದು ಮನೆಗೆ ಹೊರಟರೆ, ಅವರಿಗೆ ಉಸಿರು ಕೊಟ್ಟ ಸಿಲಿಂಡರಿನ ಟೋಪಿಯನ್ನು ಅವರ ಕೈಗೇ ಕೊಟ್ಟು ಕಳಿಸುತ್ತಾರೆ. ಯಾರು ಯಾವಾಗ ಶುರು ಮಾಡಿದರೋ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಹೊರಡುವ ದಿನ ಬಾಗಿಲ ಬಳಿ ಎಲ್ಲರೂ ಸೇರುತ್ತಾರೆ, ಟೋಪಿ ಕೊಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮನೆಗೆ ಹೋದ ಟೋಪಿ ಮತ್ತೆ ಆಸ್ಪತ್ರೆಯ ಮುಖ ನೋಡಬಾರದಂತೆ. ನೋಡಿದರೆ ಆ ಮನುಷ್ಯನೂ ಅದರ ಹಿಂದೆಯೇ ಬರುತ್ತಾನಂತೆ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮನೆಮನೆಯ ಕಿಟಕಿಯಲ್ಲಿ ಈ ಕಬ್ಬಿಣದ ಮುಚ್ಚಳಗಳನ್ನು ಕಂಡು, ಇವರಿಗೆಲ್ಲ ನನ್ನಮ್ಮನ ಗಾಳಿ ಎಲ್ಲಿಂದ ತಗಲಿತಪ್ಪಾ ಎಂದುಕೊಂಡಿದ್ದೆ. ಒಂದರಲ್ಲಿ ಗಿಡ, ಒಂದರಲ್ಲಿ ಪೆನ್ಸಿಲ್ಲು. ಬಲೆ ಹೆಣೆಯುವ ಅಜ್ಜಿ ಅದನ್ನು ಮಗುಚಿ ಹಾಕಿ ಅದರ ಮೇಲೆ ದೀಪ ಇಡುತ್ತಾಳೆ. ದೋಣಿ ಕಟ್ಟುವ ಬಡಗಿಯ ಮನೆಯಲ್ಲಿ ಅದು ಬಾಗಿಲ ಗಂಟೆ. ಹೋದವರೆಲ್ಲ ಒಮ್ಮೆ ಟಣ್ ಎನಿಸಿ ಒಳಗೆ ಕಾಲಿಡುತ್ತಾರೆ.

ಈಗ ಹೇಳು, ನಾನು ಏನೆಂದು ಕೇಳಲಿ?

ನಿನ್ನ,
ಗಡಿಬಿಡಿ


ಮಾರ್ಚ್ ೧

ಗಡಿಬಿಡಿ,

ಶೆಡ್ಡಿನಲ್ಲಿ ನಿನಗಿಟ್ಟ ಹೆಸರನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೀಯಲ್ಲ, ಸಂತೋಷ.

ನಿನ್ನ ಕಾಗದವನ್ನು ನಿನ್ನಪ್ಪ ಹೊಲಿಗೆ ಯಂತ್ರದ ಮುಂದೆ ಕೂತು ಜೋರಾಗಿ ಓದಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. “ನೀನು ಇಷ್ಟು ವರ್ಷ ಟೋಪಿ ಹಾಕಿದ್ದೇ ಹಾಕಿದ್ದು, ಅವರು ತೆಗೆದಿದ್ದೇ ತೆಗೆದಿದ್ದು. ಸರಿಯಾದ ಜೋಡಿ ಕಣೇ!” ಅಂದರು. ನನಗೆ ನಗು ಬರಲಿಲ್ಲ. ಸ್ವಲ್ಪ ಬಂತು, ಆದರೆ ತಡೆದುಕೊಂಡೆ.

ತುಂಬಿದ ಸಿಲಿಂಡರು ಎಂದರೆ ಒಳಗೆ ಒತ್ತಿ ಒತ್ತಿ ಕೂರಿಸಿದ ಗಾಳಿ. ಬಿದ್ದು ವಾಲ್ವಿನ ಕತ್ತು ಮುರಿಯಿತೋ, ಅಷ್ಟೂ ಗಾಳಿ ಒಂದೇ ಏಟಿಗೆ ಹೊರಗೆ ನುಗ್ಗುತ್ತದೆ, ಸಿಲಿಂಡರು ಎದುರು ದಿಕ್ಕಿಗೆ ಚಿಮ್ಮುತ್ತದೆ. ನಮ್ಮ ಶೆಡ್ಡಿನ ಹಿಂದಿನ ಗೋಡೆಯಲ್ಲಿ ಒಂದು ದುಂಡನೆಯ ಕಂಡಿ ಇದೆಯಲ್ಲ, ಚಿಕ್ಕಂದಿನಲ್ಲಿ ನೀನು ಅದರೊಳಗೆ ತಲೆ ತೂರಿಸಿ ಬೆಕ್ಕಿನ ಹಾಗೆ ಕೂಗುತ್ತಿದ್ದೆ. ಅದು ಗಾಳಿ ಬೆಳಕಿಗೆಂದು ಬಿಟ್ಟದ್ದಲ್ಲ ಮಗನೇ. ನಾನು ಕೆಲಸಕ್ಕೆ ಸೇರುವ ಮೊದಲು ಟೋಪಿಯಿಲ್ಲದ ಸಿಲಿಂಡರೊಂದು ಮಾಡಿಕೊಂಡ ದಾರಿ ಅದು. ಗೋಡೆಯಾಚೆ ಅವತ್ತು ಯಾರೂ ಇರಲಿಲ್ಲ, ಪುಣ್ಯ. ಇನ್ನು ಲಾಂಚಿನ ತಳದಲ್ಲಿ ಅಂಥ ಕಿಟಕಿ ತೆರೆದರೆ ಏನಾಗುತ್ತದೆ ಎಂದು ನೀನೇ ಯೋಚಿಸು.

ಗೌರವದಿಂದ ಕೇಳು. ಮನೆಮನೆಗೆ ಹೋಗಿ ಕೇಳು. ನಿನ್ನ ದೀಪಸ್ತಂಭದ ತಾತನ ಉಸಿರಿನ ಪ್ರಶ್ನೆ ಎಂದು ಹೇಳು. ಒಳ್ಳೆಯ ಜನರ ಹಾಗೆ ಕಾಣುತ್ತಾರೆ, ಕೊಟ್ಟಾರು.

ಇಂತಿ,
ಪ್ಯಾಕಿಂಗ್ ಮೇಲ್ವಿಚಾರಕಿ


ಮಾರ್ಚ್ ೧೦

ಅಮ್ಮ,

ಕೇಳಿದೆ. ಒಂದು ವಾರ ಊರೆಲ್ಲ ಸುತ್ತಿದೆ. ಸಿಕ್ಕಿದ್ದು ಎಲ್ಲರ ಮನೆಯ ಚಹಾ. ಟೋಪಿ ಒಂದೂ ಇಲ್ಲ.

ಬಲೆ ಹೆಣೆಯುವ ಅಜ್ಜಿ ನನ್ನನ್ನು ಕೂರಿಸಿ, ತಲೆ ಸವರಿ, “ತಾತನಿಗೆ ಬೇಕು ಅಂದ್ರೆ ನನ್ನ ಬಳೆ ಕೊಡ್ತೀನಿ, ಮನೆ ಕೊಡ್ತೀನಿ, ಬೇಕಾದ್ರೆ ದಿನಾ ಹೋಗಿ ಅವರ ಕಾಲು ಒತ್ತಿ ಬರ್ತೀನಿ. ಇದೊಂದು ಮಾತ್ರ ಕೇಳ್ಬೇಡಪ್ಪ,” ಅಂದಳು. ಬಡಗಿ ಬಾಗಿಲಲ್ಲೇ ನಿಂತು ಟೋಪಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಅದು ಅವನ ಹೆಂಡತಿಯದು, ಹೆರಿಗೆಯಾದಾಗ ಬಂದದ್ದು. ಹೆಂಡತಿ ಒಳಗಿನಿಂದ, “ಕೊಟ್ರೆ ನೀವೂ ಅದರ ಜೊತೆಗೇ ಹೋಗಿ!” ಎಂದು ಕೂಗಿದಳು.

ಕೊನೆಗೆ ಸುದ್ದಿ ದೀಪದ ತಾತನ ಕಿವಿಗೂ ಬಿತ್ತು. ಸಂಜೆ ಮುಖಕ್ಕೆ ಮಾಸ್ಕ್ ಹಾಕುವಾಗ ಅವರು ದಿಂಬಿನ ಕೆಳಗಿನಿಂದ ತಮ್ಮ ಟೋಪಿ ತೆಗೆದು ನನ್ನ ಕೈಯಲ್ಲಿಟ್ಟರು. ಮೊದಲ ಸಲ ಗುಣವಾಗಿ ಮನೆಗೆ ಹೋದಾಗ ಅವರಿಗೆ ಕೊಟ್ಟದ್ದು. “ತಗೊಂಡು ಹೋಗು ಮಾರಾಯ. ಮನೆ ಬಿಟ್ಟು ಇಲ್ಲೇ ಬಂದು ಮಲಗಿರೋನಿಗೆ ಟೋಪಿ ಯಾಕೆ,” ಅಂದರು. ನಾನು ಅದನ್ನು ತಿರುಗಿ ದಿಂಬಿನ ಕೆಳಗೇ ಇಟ್ಟು ಬಂದೆ. ನನಗೆ ಆಗಲಿಲ್ಲ ಅಮ್ಮ. ಬೈಯುವುದಾದರೆ ಬೈ.

ಒಂದು ಮಾತು ಹೇಳಬೇಕು. ನಿನ್ನ ನಂತರ ನಿನ್ನ ಕುರ್ಚಿಯಲ್ಲಿ ನಾನು ಕೂರಬೇಕು ಎಂದು ನಿನಗೆ ಆಸೆ ಇತ್ತು. ಅದನ್ನು ಬಿಟ್ಟು ಬಂದೆ ಎಂದು ನಿನಗೆ ಸಿಟ್ಟು, ಅದಕ್ಕೇ ನಾನು ಹೊರಟ ದಿನ ನೀನು ಗೇಟಿನ ತನಕವೂ ಬರಲಿಲ್ಲ. ಆದರೆ ನಾನು ಶೆಡ್ಡನ್ನು ಬೇಡವೆಂದು ಬಿಟ್ಟು ಬಂದವನಲ್ಲ. ಚಿಕ್ಕಂದಿನಿಂದ ನೋಡುತ್ತಿದ್ದೆ. ನೀನು ವಾಲ್ವಿಗೆ ಸಾಬೂನು ನೀರು ಹಚ್ಚಿ ಸೋರಿಕೆಯ ಗುಳ್ಳೆ ಬರುತ್ತದೆಯೇ ಎಂದು ಬಗ್ಗಿ ನೋಡುತ್ತೀಯ, ಟೋಪಿ ತಿರುಗಿಸುತ್ತೀಯ, ಚೀಟಿ ಅಂಟಿಸುತ್ತೀಯ, ಲಾರಿ ಹೋಗುತ್ತದೆ. ಆಮೇಲೆ? ಗೇಟಿನ ಆಚೆ ಅವು ಎಲ್ಲಿ ಹೋಗುತ್ತವೆ, ಯಾರು ಬಿಚ್ಚುತ್ತಾರೆ, ಬಿಚ್ಚಿದಾಗ ಏನಾಗುತ್ತದೆ, ಅದನ್ನು ನೋಡಬೇಕು ಅನ್ನಿಸಿತು. ಈಗ ದಿನವೂ ನೋಡುತ್ತೇನೆ. ತಾತನ ತುಟಿಯ ನೀಲಿ ಮೆಲ್ಲಗೆ ಕರಗಿ ಕೆಂಪಾಗುತ್ತದೆ. ಆಗೆಲ್ಲ ನಿನ್ನ ನೆನಪು ಬರುತ್ತದೆ. ನೀನು ಒಂದು ಸಲ ಬಂದು ನೋಡಬೇಕು.

ನಿನ್ನ,
ಗಡಿಬಿಡಿ


ಮಾರ್ಚ್ ೨೫

ಮಗನೇ,

ಉತ್ತರ ತಡವಾಯಿತು. ಕೆಲಸ ಇತ್ತು ಎಂದು ಬರೆಯೋಣ ಎಂದುಕೊಂಡೆ, ಆದರೆ ನಿನ್ನಪ್ಪ ಪಕ್ಕದಲ್ಲೇ ಇದ್ದಾರೆ, ಸುಳ್ಳು ಬರೆಯಲು ಬಿಡುತ್ತಿಲ್ಲ. ನಿನ್ನ ಕಾಗದವನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಲಾರಿ ಗೇಟು ದಾಟಿದಾಗಲೆಲ್ಲ ಅದರ ಹಿಂದೆ ನೋಡುತ್ತಾ ನಿಂತುಬಿಡುತ್ತಿದ್ದೆ. ಶೆಡ್ಡಿನವರು ನನಗೆ ಏನೋ ಆಗಿದೆ ಎಂದುಕೊಂಡರು.

ತಾತನ ಟೋಪಿ ತಿರುಗಿ ಕೊಟ್ಟೆಯಲ್ಲ, ಒಳ್ಳೆಯದು ಮಾಡಿದೆ. ಇನ್ನು ಯಾರ ಮನೆಗೂ ಹೋಗಬೇಡ.

ನಿಯಮದಲ್ಲಿ ಇನ್ನೊಂದು ದಾರಿ ಇದೆ. ಬೇಕೆಂದೇ ನಿನಗೆ ಹೇಳಿರಲಿಲ್ಲ, ಯಾಕೆಂದರೆ ನನಗೆ ಅದು ಇಷ್ಟವಿಲ್ಲ. ವಾಲ್ವಿಗೆ ಟೋಪಿ ಇರಬೇಕು, ಇಲ್ಲವೇ ಇಡೀ ಸಿಲಿಂಡರು ಗಟ್ಟಿ ಮರದ ಪೆಟ್ಟಿಗೆಯೊಳಗೆ ಇರಬೇಕು. ಪೆಟ್ಟಿಗೆ ಕೈಜಾರಿ ಬಿದ್ದರೂ ವಾಲ್ವಿಗೆ ಏನೂ ತಾಕಬಾರದು, ಸಿಲಿಂಡರು ಒಳಗೆ ಅಲ್ಲಾಡಲೂಬಾರದು. ಹೊರಗೆ ಅದೇ ಚೀಟಿ ಇರಬೇಕು, ಒಳಗೆ ಏನಿದೆ, ಯಾವ ಕಡೆ ಮೇಲು ಎಂದು. ಒಳಗೆ ಎಲ್ಲೂ ಎಣ್ಣೆ, ಗ್ರೀಸು ಸೋಕಿರಬಾರದು. ಆಮ್ಲಜನಕಕ್ಕೂ ಎಣ್ಣೆಗೂ ಎಣ್ಣೆ ಸೀಗೆಕಾಯಿಗಿಂತ ಹೆಚ್ಚಿನ ವೈರ, ಸೇರಿದರೆ ಬೆಂಕಿ.

ಯಾಕೆ ಇಷ್ಟವಿಲ್ಲ ಅಂದರೆ, ಪೆಟ್ಟಿಗೆಯೊಳಗೆ ಹೋದ ಸಿಲಿಂಡರು ನನಗೆ ಕಾಣುವುದಿಲ್ಲ. ನನ್ನ ಕಣ್ಣಿಗೆ ಕಾಣದ್ದು ನೆಟ್ಟಗಿದೆಯೋ ಇಲ್ಲವೋ ಎಂದು ರಾತ್ರಿ ನಿದ್ದೆ ಬರುವುದಿಲ್ಲ. ನಿನ್ನ ವಿಷಯದಲ್ಲೂ ನನಗೆ ಅದೇ ಆಗಿರುವುದು. ಬರೆದುಬಿಟ್ಟೆ, ಇನ್ನು ಹೊಡೆದು ಹಾಕುವುದಿಲ್ಲ.

ನಿಮ್ಮಲ್ಲಿ ದೋಣಿ ಕಟ್ಟುವ ಬಡಗಿ ಇದ್ದಾನಲ್ಲ, ಅವನನ್ನು ಕೇಳು. ಅಳತೆ ಇದರ ಜೊತೆಗಿದೆ. ಅಳತೆ ತೆಗೆದವರು ನಿನ್ನಪ್ಪ. ಹೆಗಲ ಮೇಲೆ ಟೇಪು ಹಾಕಿಕೊಂಡು ಶೆಡ್ಡಿಗೆ ಬಂದು, ಸಿಲಿಂಡರಿನ ಎದೆ ಸುತ್ತಳತೆ, ಕತ್ತು, ಉದ್ದ ಎಲ್ಲ ಬರೆದುಕೊಂಡು, “ತೋಳಿಲ್ಲ, ಸೊಂಟ ಇಲ್ಲ, ಇಷ್ಟು ಸುಲಭದ ಗಿರಾಕಿ ನನಗೆ ಇದುವರೆಗೆ ಸಿಕ್ಕಿಲ್ಲ,” ಅಂದರು.

ಇಂತಿ,
ಪ್ಯಾಕಿಂಗ್ ಮೇಲ್ವಿಚಾರಕಿ (ಅಮ್ಮ)


ಏಪ್ರಿಲ್ ೬

ಅಮ್ಮ,

ಕಂಸದೊಳಗೆ ಆದರೂ ಹುದ್ದೆ ಮಂಜೂರಾಯಿತಲ್ಲ, ಅಷ್ಟು ಸಾಕು.

ಪೆಟ್ಟಿಗೆಗಳು ಇದೇ ಲಾಂಚಿನಲ್ಲಿ ಬರುತ್ತಿವೆ, ಒಂಬತ್ತು. ಟೋಪಿ ಕೇಳಿದಾಗ ಬಾಗಿಲು ಹಾಕಿಕೊಂಡ ಊರು, ಪೆಟ್ಟಿಗೆ ಅಂದ ಕೂಡಲೇ ಎದ್ದು ಬಂತು. ಒಬ್ಬರು ಹಲಗೆ ತಂದರು, ಒಬ್ಬರು ಉಜ್ಜಿದರು. ಬಡಗಿಗೆ ದೋಣಿ ಬಿಟ್ಟು ಬೇರೇನೂ ಕಟ್ಟಿ ಗೊತ್ತಿಲ್ಲ. ಮೊದಲನೆಯ ಪೆಟ್ಟಿಗೆಗೆ ಮೂತಿ ಬಂದುಬಿಟ್ಟಿತ್ತು. ನೀರಿಗೆ ಬಿಟ್ಟರೆ ನೆಟ್ಟಗೆ ನಿನ್ನ ಶೆಡ್ಡಿಗೇ ಬಂದು ಸೇರುತ್ತಿತ್ತೋ ಏನೋ. ಬಿಚ್ಚಿ ಮತ್ತೆ ಕಟ್ಟಿದ. ಒಳಗೆ ಸಿಲಿಂಡರಿನ ಮೈಯನ್ನು ಅಪ್ಪಿ ಹಿಡಿಯುವ ಹಾಗೆ ಬಾಗಿದ ಪಟ್ಟಿಗಳಿವೆ. ವಾಲ್ವಿನ ಸುತ್ತ ಒಂದು ಗೇಣು ಜಾಗ ಬಿಟ್ಟಿದ್ದಾನೆ. ಎಣ್ಣೆಯ ವಿಷಯ ಹೇಳಿದ್ದಕ್ಕೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರನ್ನೆಲ್ಲ ಹತ್ತಿರ ಸೇರಿಸಲಿಲ್ಲ.

ಮುಚ್ಚಳದ ಪಕ್ಕ ಒಂದು ಸಣ್ಣ ಕಿಂಡಿ ಇದೆ, ಮರದ ಜಾಲರಿ ಹೊಡೆದದ್ದು. ಅದು ನಿನಗಾಗಿ. ನಿನ್ನ ಕಾಗದದ ಆ ಭಾಗವನ್ನು ಅವನಿಗೆ ಓದಿ ಹೇಳಿದ್ದೆ. “ನೋಡದೆ ಇದ್ರೆ ಅವ್ರಿಗೆ ಸಮಾಧಾನ ಇಲ್ವಾ? ಹಾಗಾದ್ರೆ ನೋಡ್ಲಿ ಬಿಡಿ,” ಎಂದು ತಾನೇ ಕೊರೆದ.

ಈಗ ಒಂದೇ ತೊಡಕು. ಲಾಂಚಿನ ಯಜಮಾನ ಮುಖ ಗಂಟು ಹಾಕಿಕೊಂಡಿದ್ದಾನೆ. ಬೋಳು ಸಿಲಿಂಡರು ಎಷ್ಟು ಅಪಾಯ ಎಂದು ನಿನ್ನ ಮಾತು ಕೇಳಿಕೊಂಡು ನಾನೇ ಅವನಿಗೆ ವಿವರವಾಗಿ ಹೇಳಿಬಿಟ್ಟಿದ್ದೆ, ಗೋಡೆಯ ಕಂಡಿಯ ಕಥೆ ಸಮೇತ. ಅದು ನನ್ನ ಗಡಿಬಿಡಿ. ಈಗ ಅವನು, “ಪೆಟ್ಟಿಗೆ ಒಳಗೆ ಏನು ಹೇಗಿದೆ ಅಂತ ನಂಗೇನು ಕನಸು ಬೀಳುತ್ತಾ? ಅಷ್ಟು ನಂಬಿಕೆ ಇದ್ರೆ ಪ್ಯಾಕ್ ಮಾಡಿದೋರೇ ಪಕ್ಕದಲ್ಲಿ ಕೂತು ಬರ್ಲಿ. ಅವ್ರು ಬಂದ್ರೆ ನಾನೂ ಬರ್ತೀನಿ,” ಅನ್ನುತ್ತಾನೆ. ಉಳಿದಿರುವುದು ಮೂರೇ ಪ್ರಯಾಣ. ಡಾಕ್ಟರಮ್ಮ ತಾತನ ಬಟ್ಟೆ ಗಂಟು ಕಟ್ಟಿಡಲು ಹೇಳಿದ್ದಾರೆ. ತಾತ ಗಂಟು ಬಿಚ್ಚುತ್ತಿದ್ದಾರೆ, ನಾವು ಕಟ್ಟುತ್ತಿದ್ದೇವೆ.

ನಿನ್ನ ಶೆಡ್ಡಿನಿಂದ ಯಾರನ್ನಾದರೂ ಕಳಿಸುತ್ತೀಯಾ? ನಿನ್ನನ್ನು ಕೇಳುವ ಧೈರ್ಯ ನನಗಿಲ್ಲ. ಬಸ್ಸು ಸೇತುವೆ ದಾಟುವಾಗಲೂ ಕಣ್ಣು ಮುಚ್ಚಿಕೊಳ್ಳುವವಳು ನೀನು.

ನಿನ್ನ,
ಗಡಿಬಿಡಿ


ಏಪ್ರಿಲ್ ೧೫

ಗಡಿಬಿಡಿ,

ಪೆಟ್ಟಿಗೆಗಳು ಬಂದವು. ಒಂದನ್ನು ಖಾಲಿ ಸಿಲಿಂಡರು ಹಾಕಿ ಲಾರಿಯ ಎತ್ತರದಿಂದ ಕೆಳಗೆ ಬೀಳಿಸಿದೆ. ಒಂದು ಮೂಲೆ ತುಸು ಜಜ್ಜಿತು, ಅಷ್ಟೇ. ವಾಲ್ವು ಅಲ್ಲಾಡಿರಲಿಲ್ಲ. ಇನ್ನೊಮ್ಮೆ ಬೀಳಿಸಿದೆ. ಮೂರನೆಯ ಸಲ ಬೀಳಿಸಲು ಹೊರಟಾಗ ಶೆಡ್ಡಿನವರು ಪೆಟ್ಟಿಗೆಯನ್ನು ನನ್ನಿಂದ ಕಿತ್ತುಕೊಂಡರು. ಆ ಬಡಗಿಗೆ ನನ್ನ ನಮಸ್ಕಾರ ಹೇಳು. ಕಿಂಡಿಯಲ್ಲಿ ಕಣ್ಣಿಟ್ಟು ಒಂಬತ್ತನ್ನೂ ನೋಡಿದೆ, ಚೆನ್ನಾಗಿ ಕಾಣುತ್ತದೆ.

ತುಂಬಿಸಿ, ಗುಳ್ಳೆ ಪರೀಕ್ಷೆ ಮಾಡಿ, ಚೀಟಿ ಅಂಟಿಸಿ ಎಲ್ಲ ಆಯಿತು. ಒಂಬತ್ತು ಪೆಟ್ಟಿಗೆಯಲ್ಲಿ, ಮೂರು ಟೋಪಿಯಲ್ಲಿ.

ಜೊತೆಗೆ ಯಾರನ್ನು ಕಳಿಸಲಿ ಎಂದು ಯೋಚಿಸಿದೆ. ಒಬ್ಬನಿಗೆ ಮಗಳ ಪರೀಕ್ಷೆ, ಒಬ್ಬನಿಗೆ ಸೊಂಟ ಹಿಡಿದಿದೆ, ಉಳಿದವರ ಮೇಲೆ ನನಗೆ ನಂಬಿಕೆ ಇಲ್ಲ. ಯಜಮಾನ ಕೇಳಿರುವುದು ಪ್ಯಾಕ್ ಮಾಡಿದವರನ್ನು. ಪ್ಯಾಕ್ ಮಾಡಿದವಳು ನಾನು. ಆದ್ದರಿಂದ ಇಪ್ಪತ್ತನೆಯ ತಾರೀಖಿನ ಲಾಂಚಿನಲ್ಲಿ ನಾನೇ ಬರುತ್ತೇನೆ, ಕೊನೆಯದರಲ್ಲಿ ವಾಪಸ್ ಹೋಗುತ್ತೇನೆ.

ನಾನು ಬರುತ್ತಿರುವುದು ಸಿಲಿಂಡರುಗಳ ಜೊತೆಗೆ, ನಿನ್ನನ್ನು ನೋಡಲಿಕ್ಕಲ್ಲ. ಇದನ್ನು ಬರೆಯುವಾಗ ನಿನ್ನಪ್ಪ ಮತ್ತೆ ನಗುತ್ತಿದ್ದಾರೆ. ಅವರ ಕಡೆ ಗಮನ ಕೊಡಬೇಡ. ಪ್ರಯಾಣಕ್ಕೆಂದು ನನಗೊಂದು ಕೋಟು ಹೊಲಿದುಕೊಟ್ಟಿದ್ದಾರೆ, ಜೇಬು ಎಷ್ಟು ದೊಡ್ಡದೆಂದರೆ ಅದರಲ್ಲಿ ಒಂದು ಟೋಪಿ ಹಿಡಿಸುತ್ತದೆ. ಯಾಕಿಷ್ಟು ದೊಡ್ಡದು ಎಂದರೆ ಹೇಳುತ್ತಿಲ್ಲ.

ನೀರು ಎಂದರೆ ನಾನು ಈಗಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೇನೆ. ಜೆಟ್ಟಿಯಲ್ಲಿ ನಿಂತಿರು.

ಅಮ್ಮ


ಏಪ್ರಿಲ್ ೨೭
(ಲಾಂಚು ಹೊರಡುವ ಮೊದಲು ನಿನ್ನ ಚೀಲದಲ್ಲಿ ಇಟ್ಟದ್ದು. ನೀರು ದಾಟಿದ ಮೇಲೆ ಓದು, ಆಗ ಕಣ್ಣು ತೆರೆದಿರುತ್ತೀಯ.)

ಪ್ಯಾಕಿಂಗ್ ಮೇಲ್ವಿಚಾರಕಿಯವರಿಗೆ,

ಮಾನ್ಯರೆ,

ವಿಷಯ: ಆಸ್ಪತ್ರೆಯ ಸ್ವತ್ತಾದ ಒಂದು ಟೋಪಿಯನ್ನು ಹಿಂದಿರುಗಿಸುವ ಬಗ್ಗೆ.

ತಾವು ಈ ತಿಂಗಳ ಇಪ್ಪತ್ತರಂದು ಹನ್ನೆರಡು ಸಿಲಿಂಡರುಗಳೊಂದಿಗೆ ಬಂದಿರಿ. ದಾರಿಯುದ್ದಕ್ಕೂ ತಾವು ಒಂದು ಪೆಟ್ಟಿಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದಿರಿ ಎಂದೂ, ಯಜಮಾನ ಇಂಜಿನ್ನಿನ ಎಣ್ಣೆ ಕೈಯಲ್ಲಿ ಹತ್ತಿರ ಬಂದಾಗ ಮಾತ್ರ ಒಂದು ಕಣ್ಣು ತೆರೆದು, “ಕೈ ತೊಳ್ಕೊಂಡು ಬಾರಯ್ಯ!” ಎಂದು ಗದರಿ ಮತ್ತೆ ಮುಚ್ಚಿಕೊಂಡಿರಿ ಎಂದೂ ಅವನೇ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಹನ್ನೆರಡೂ ಸಿಲಿಂಡರುಗಳು ಸುರಕ್ಷಿತವಾಗಿ ಇಳಿದವು. ತಾವು ಮಾತ್ರ ಹಾಗೆ ಇಳಿಯಲಿಲ್ಲ. ಜೆಟ್ಟಿಯ ಮೇಲೆ ಎರಡು ಹೆಜ್ಜೆ ಇಟ್ಟು, ನನ್ನ ಮುಖ ನೋಡಿ, “ಎಷ್ಟು ಸೊರಗಿದ್ದೀಯೋ” ಎನ್ನಲು ಹೋಗಿ, ದಾರಿಯುದ್ದದ ಭಯಕ್ಕೆ ಉಸಿರು ಸಿಗದೆ ನನ್ನ ಮೇಲೆ ಒರಗಿದಿರಿ. ಡಾಕ್ಟರಮ್ಮ ಅಲ್ಲೇ ಇದ್ದರು. ಪೆಟ್ಟಿಗೆ ಬಿಚ್ಚುವಷ್ಟು ಹೊತ್ತಿರಲಿಲ್ಲ, ಟೋಪಿ ಇದ್ದ ಮೂರರಲ್ಲಿ ಒಂದರ ಟೋಪಿ ನಾನೇ ತಿರುಗಿಸಿ ತೆಗೆದೆ. ನೀನು ಕಲಿಸಿದ ಕೈ, ತಪ್ಪಲಿಲ್ಲ. ತಮ್ಮ ಮುಖಕ್ಕೆ ಮಾಸ್ಕ್ ಇಟ್ಟೆವು. ತಾವು ಕಣ್ಣು ತೆರೆದು ಮೊದಲು ಕೇಳಿದ್ದು, “ಇದರ ಗುಳ್ಳೆ ಪರೀಕ್ಷೆ ನಾನೇ ಮಾಡಿದ್ದಲ್ವಾ?” ಎಂದು. ನಾನು ಹೌದು ಎಂದೆ. ತಾವು ಮತ್ತೆ ಕಣ್ಣು ಮುಚ್ಚಿ ನೆಮ್ಮದಿಯಿಂದ ಉಸಿರೆಳೆದುಕೊಂಡ ರೀತಿಯನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ.

ಮರುದಿನ ತಾವು ಆಸ್ಪತ್ರೆಯಿಂದ ತಮ್ಮ ಕಾಲ ಮೇಲೆ ನಡೆದು ಹೊರಟಾಗ ಬಾಗಿಲಲ್ಲಿ ಊರೇ ಸೇರಿತ್ತು. ದೀಪದ ತಾತ ಹಾಸಿಗೆಯಿಂದ ಎದ್ದು ಬಂದು, ಪದ್ಧತಿಯಂತೆ ತಮ್ಮ ಕೈಗೆ ಆ ಸಿಲಿಂಡರಿನ ಟೋಪಿ ಕೊಟ್ಟರು. ಅದು ಸಿಲಿಂಡರಿನ ಮೇಲೆ ಇರಬೇಕಾದದ್ದು ಎಂದು ತಾವು ಹೇಳುತ್ತೀರಿ ಎಂದು ನಾವೆಲ್ಲ ಕಾದೆವು. ತಾವು ಬಾಯಿ ತೆರೆದಿರಿ. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡಿರಿ. ಕಣ್ಣು ಒರೆಸಿಕೊಂಡು ಅದನ್ನು ಅಪ್ಪ ಹೊಲಿದ ಜೇಬಿಗೆ ಹಾಕಿಕೊಂಡಿರಿ.

ಆ ಒಂದು ವಾರ ತಾವು ಪ್ರತಿ ಸಂಜೆ ತಾತನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಅವರ ತುಟಿಯ ಬಣ್ಣ ಬದಲಾಗುವುದನ್ನೇ ನೋಡುತ್ತಿದ್ದಿರಿ.

ಈಗ ಉಗ್ರಾಣದಲ್ಲಿ ತಾವು ತಂದ ಹನ್ನೆರಡು ಸಿಲಿಂಡರುಗಳಿಗೆ ಎರಡೇ ಟೋಪಿಗಳಿವೆ. ಟೋಪಿಯಿಲ್ಲದ ಸಿಲಿಂಡರು ಖಾಲಿಯಾಗಿದ್ದರೂ ಗೇಟು ದಾಟುವಂತಿಲ್ಲ ಎಂಬ ನಿಯಮ ತಮಗೆ ಗೊತ್ತೇ ಇದೆ. ಆದ್ದರಿಂದ ಆ ಟೋಪಿಯನ್ನು ಕೂಡಲೇ ಹಿಂದಿರುಗಿಸಬೇಕಾಗಿ ಕೋರಿಕೆ.

ತಮ್ಮ ನಂಬುಗೆಯ,
ಸ್ಟೋರ್ ಕೀಪರ್, ದ್ವೀಪದ ಆಸ್ಪತ್ರೆ


ಆಗಸ್ಟ್ ೨

ಮಗನೇ,

ಗಾಳಿಗಾಲ ಮುಗಿದು ಮೊದಲ ಲಾಂಚು ಹೊರಡುತ್ತಿದೆ, ಅದರಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಡುವೆ ಒಂದು ಸಲ, ಎಂದೋ ಒಮ್ಮೆ ತಾಗುವ ನಿಮ್ಮ ದ್ವೀಪದ ಫೋನಿನಲ್ಲಿ ನಿನ್ನ ದನಿ ಸಿಕ್ಕಿತ್ತು, “ತಾತ ಚೆನ್ನಾಗಿ...” ಎನ್ನುವಷ್ಟರಲ್ಲಿ ಗಾಳಿ ಕಿತ್ತುಕೊಂಡು ಹೋಯಿತು. ಆ ಎರಡು ಪದ ಹಿಡಿದುಕೊಂಡೇ ಇಷ್ಟು ದಿನ ಕಳೆದೆ. ಉಳಿದದ್ದನ್ನು ವಿವರವಾಗಿ ಬರೆ. ಅವರು ಈಗಲೂ ಬಟ್ಟೆ ಗಂಟು ಬಿಚ್ಚುತ್ತಾರಾ?

ಈ ಲಾಂಚಿನಲ್ಲಿ ಒಂದು ಡಬ್ಬಿ ಬರುತ್ತದೆ. ಅದರಲ್ಲಿ ಲೇತಿನವನು ಕಡೆದುಕೊಟ್ಟ ಹೊಸ ಟೋಪಿಗಳಿವೆ, ನಿಮ್ಮ ಹಳೆ ಸಿಲಿಂಡರುಗಳ ತಿರುಪಿಗೆ ಸರಿಯಾಗಿ ಕೂರುವಂಥವು. ಕಪ್ಪು ಬಣ್ಣದವು ಸಿಲಿಂಡರಿಗೆ. ಅವು ಯಾರ ಮನೆಗೂ ಹೋಗಕೂಡದು, ಹೋದರೆ ನಾನೇ ಬಂದು ಕಿಟಕಿ ಕಿಟಕಿ ಹುಡುಕುತ್ತೇನೆ. ಕೆಳಗೆ ಇನ್ನೊಂದು ಸಾಲಿದೆ, ಹಳದಿ ಬಣ್ಣದವು. ಅವಕ್ಕೆ ತಿರುಪೇ ಇಲ್ಲ, ಸಿಲಿಂಡರಿಗೆ ಹಾಕಲು ನೋಡಿದರೂ ಕೂರುವುದಿಲ್ಲ, ಹಾಗೆಂದೇ ಮಾಡಿಸಿದ್ದು. ಉಸಿರು ಮರಳಿ ಮನೆಗೆ ಹೋಗುವವರಿಗೆ ಅವನ್ನು ಕೊಡು. ಕೊಡುವಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು, ಅದನ್ನು ಬಿಡಬೇಡಿ. ಬುಡದಲ್ಲಿ ತೂತು ಇಟ್ಟಿದ್ದೇವೆ, ಗಿಡಕ್ಕೆ ನೀರು ನಿಂತು ಬೇರು ಕೊಳೆಯಬಾರದು ಎಂದು ನಿನ್ನಪ್ಪನ ಸಲಹೆ.

ನನ್ನ ಕುರ್ಚಿಯ ವಿಷಯ. ಅದಕ್ಕೆ ಬೇರೆಯವರನ್ನು ತಯಾರು ಮಾಡುತ್ತಿದ್ದೇನೆ, ನಿಧಾನಕ್ಕೆ ಕಲಿಯುತ್ತಾಳೆ, ಕೈ ಒಳ್ಳೆಯದಿದೆ. ನೀನು ಅಲ್ಲೇ ಇರು. ನಾನು ಇಲ್ಲಿ ತಿರುಗಿಸಿ ಮುಚ್ಚಿದ್ದನ್ನು ಅಲ್ಲಿ ಬಿಚ್ಚುವ ಕೈ ನಿನ್ನದು ಎಂದು ಗೊತ್ತಿದ್ದರೆ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ಈಗ ಲಾರಿ ಹೊರಟಾಗ ನಾನು ಗೇಟಿನ ತನಕ ಹೋಗುತ್ತೇನೆ. ನಿನ್ನನ್ನು ಕಳಿಸಿಕೊಡಲು ಬರದೆ ಉಳಿದದ್ದನ್ನೂ ಸೇರಿಸಿ ಹೋಗುತ್ತೇನೆ.

ಇನ್ನು ನಿಮ್ಮ ಏಪ್ರಿಲ್ ತಿಂಗಳ ಪತ್ರ. ಓದಿದೆ, ವಿಷಯ ಗಮನಿಸಿದೆ. ಆ ಟೋಪಿ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಬೆಳಗ್ಗೆ ಚಹಾ ಕುಡಿಯುವಾಗ ನನ್ನ ಕಣ್ಣೆದುರಿಗೇ ಇರುತ್ತದೆ. ನಿಯಮ ನನಗೆ ಗೊತ್ತಿದೆ, ನಾನೇ ನಿನಗೆ ಕಲಿಸಿದ್ದು. ಬೇಕಾದರೆ ನನ್ನ ಮೇಲೆ ದೂರು ಬರೆ, ಡಾಕ್ಟರಮ್ಮನಿಂದ ಸಹಿ ಹಾಕಿಸು, ಲಾಂಚಿನ ಯಜಮಾನನನ್ನು ಸಾಕ್ಷಿಗೆ ಕರೆ.

ಕೊಡುವುದಿಲ್ಲ.

ಇಂತಿ ನಿನ್ನ,
ಅಮ್ಮ
(ಪ್ಯಾಕಿಂಗ್ ಮೇಲ್ವಿಚಾರಕಿ)